ಸಿಹಿ ಬೇರು

ರಾತ್ರಿ ಮಲಗಿದಲ್ಲೇ ಮೀನಖಂಡ ಹಿಡಿದುಕೊಳ್ಳುವುದನ್ನು ಕಾಯಿಲೆ ಎಂದು ಯಾರೂ ಕರೆಯುವುದಿಲ್ಲ. ಆದರೆ ಅದಕ್ಕೆ ಕಾರಣ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ‘ದಿನವಿಡೀ ನಿಂತು ಪಾಠ ಮಾಡ್ತೀಯಲ್ಲ, ಮತ್ತೇನಾಗ್ತದೆ?’ ಎನ್ನುತ್ತಿದ್ದರು ನಮ್ಮತ್ತೆ. ‘ದಿನಾ ಒಂದು ಬಾಳೆಹಣ್ಣು ತಿನ್ನಿ ಟೀಚರ್’ ಎನ್ನುತ್ತಿದ್ದರು ಪಕ್ಕದ ಮನೆಯವರು. ‘ವಯಸ್ಸಾಯ್ತು’ ಎನ್ನುತ್ತಿದ್ದರು ನಮ್ಮ ಯಜಮಾನರು, ತಮಗೆ ನನಗಿಂತ ಆರು ವರ್ಷ ಹೆಚ್ಚೆಂಬುದನ್ನು ಮರೆತು. ನಾನಂತೂ ಯಾರಿಗೂ ಉತ್ತರ ಕೊಡದೆ, ರಾತ್ರಿ ಎರಡು ಗಂಟೆಗೆ ಕತ್ತಲಲ್ಲೇ ಎದ್ದು, ಅಂಗಾಲನ್ನು ತಣ್ಣನೆಯ ನೆಲಕ್ಕೊತ್ತಿ, ಗೋಡೆ ಹಿಡಿದು, ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಕಾಲು ಸಡಿಲವಾದ ಮೇಲೆ ಮತ್ತೆ ಹಾಸಿಗೆಗೆ. ಬೆಳಗ್ಗೆ ಐದೂವರೆಗೆ ದೋಸೆಯ ಕಾವಲಿ. ಹತ್ತು ಗಂಟೆಗೆ ಹಾಜರಿ ಪುಸ್ತಕ. ಹೀಗೆ ಎಷ್ಟು ವರ್ಷ ನಡೆಯಿತೆಂದು ಕೇಳಿದರೆ ಲೆಕ್ಕವಿಟ್ಟಿಲ್ಲ. ಮಕ್ಕಳ ಅಂಕಗಳ ಲೆಕ್ಕವಿಟ್ಟವಳು ಇದರದ್ದನ್ನು ಇಡಲಿಲ್ಲ.

2019ರ ಏಪ್ರಿಲ್ ರಜೆಯಲ್ಲಿ ಮಗಳ ಮನೆಗೆಂದು ಜಪಾನಿಗೆ ಹೋದೆ. ಅಳಿಯನಿಗೆ ಒಸಾಕಾದಲ್ಲಿ ಕೆಲಸ. ನಾನು ಕಟ್ಟಿಕೊಂಡು ಹೋದದ್ದು ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಬಿಪಿ ಮಾತ್ರೆ ಮತ್ತು ಈ ಕಾಲು. ಅಲ್ಲಿ ಚೆರ್ರಿ ಹೂವೆಲ್ಲ ಉದುರಿ ಆಗಿತ್ತು. ಊರಿನವರು ತೆಳು ಅಂಗಿಯಲ್ಲಿ ಓಡಾಡುತ್ತಿದ್ದರೆ ನಾನು ಎರಡು ಜೊತೆ ಕಾಲುಚೀಲ ಹಾಕಿ ಕುಳಿತಿದ್ದೆ. ಮೂರನೆಯ ರಾತ್ರಿ ಕಾಲು ಹಿಡಿಯಿತು. ಆ ಪುಟ್ಟ ಮನೆಯಲ್ಲಿ ಗುಟ್ಟಾಗಿ ಎದ್ದು ನಿಲ್ಲುವುದಕ್ಕೂ ಜಾಗವಿಲ್ಲ. ಮಗಳು ದೀಪ ಹಾಕಿದಳು.

‘ಅಮ್ಮಾ, ಎಷ್ಟು ದಿನದಿಂದ ಹೀಗೆ?’

‘ಏನಿಲ್ಲ ಪುಟ್ಟಿ, ಮಲಗು.’

‘ಏನಿಲ್ಲ ಅಂದ್ರೆ ಕಣ್ಣಲ್ಲಿ ಯಾಕೆ ನೀರು?’

ಮರುದಿನವೇ ಅವಳು ತನ್ನ ವೈದ್ಯರ ಹತ್ತಿರ ನನಗೆ ಸಮಯ ಗೊತ್ತುಮಾಡಿದಳು. ‘ತನ್ನ ವೈದ್ಯರು’ ಎಂಬ ಮಾತು ನನಗೆ ಚುಚ್ಚಿತು. ಕೇಳಿದರೆ, ಮುಟ್ಟಿನ ನೋವಿಗಾಗಿ ಎರಡು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದಾಳಂತೆ. ನನಗೆ ಒಂದು ಮಾತು ಹೇಳಿರಲಿಲ್ಲ. ಏಕೆ ಹೇಳಲಿಲ್ಲವೆಂದು ಗದರಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಕತ್ತಲಲ್ಲಿ ಗೋಡೆ ಹಿಡಿದು ನಿಲ್ಲುವ ವಿದ್ಯೆಯನ್ನು ಅವಳಿಗೆ ಕಲಿಸಿದವರು ಯಾರು?

ಆ ವೈದ್ಯರು ‘ಕಂಪೋ’ ಚಿಕಿತ್ಸೆ ಮಾಡುವವರು. ಕಂಪೋ ಎಂದರೆ ಜಪಾನಿನ ಸಾಂಪ್ರದಾಯಿಕ ಗಿಡಮೂಲಿಕೆ ವೈದ್ಯ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಚೀನಾದಿಂದ, ಕೊರಿಯಾದ ಮೂಲಕ ಜಪಾನಿಗೆ ಬಂದ ವಿದ್ಯೆ ಅದು. ಅಲ್ಲಿನ ನೆಲಕ್ಕೆ ಹೊಂದಿಕೊಂಡು ಅವರದೇ ಆಯಿತು. ಹೆಸರಿನ ಅರ್ಥವೇ ‘ಚೀನೀ ಪದ್ಧತಿ’ ಎಂದು. ಡಚ್ಚರ ವೈದ್ಯಪದ್ಧತಿ ಜಪಾನಿಗೆ ಬಂದಾಗ, ಅದರಿಂದ ಬೇರ್ಪಡಿಸಿ ಹೇಳಲು ಹಳೆಯದಕ್ಕೆ ಈ ಹೆಸರು ಇಟ್ಟರಂತೆ. ಹೊಸ ಸೊಸೆ ಬಂದ ಮೇಲೆ ಹಿಂದಿನವಳು ‘ದೊಡ್ಡ ಸೊಸೆ’ ಆದ ಹಾಗೆ.

ನಾನು ಜಡೆಗಡ್ಡದ ಪಂಡಿತರೊಬ್ಬರನ್ನು, ಗೋಡೆಯ ತುಂಬ ಭರಣಿಗಳನ್ನು ಕಲ್ಪಿಸಿಕೊಂಡು ಹೋಗಿದ್ದೆ. ಅಲ್ಲಿದ್ದವರು ಬಿಳಿ ಕೋಟಿನ, ಅರವತ್ತರ ಆಸುಪಾಸಿನ ಮಾಮೂಲಿ ಡಾಕ್ಟರು. ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ರಕ್ತದೊತ್ತಡ ನೋಡುವ ಯಂತ್ರ. ಜಪಾನಿನಲ್ಲಿ ಕಂಪೋಗೆಂದು ನಮ್ಮ ಆಯುರ್ವೇದದಂತೆ ಬೇರೆ ಪದವಿಯಿಲ್ಲ. ಎಕ್ಸ್‌ರೇ ಓದುವ, ಶಸ್ತ್ರಚಿಕಿತ್ಸೆ ಕಲಿತ ಡಾಕ್ಟರೇ ಬೇರು-ನಾರಿನ ಔಷಧವನ್ನೂ ಬರೆಯುತ್ತಾರೆ. ಅಂದು ಇದು ಬರಿಯ ವಿಶೇಷವೆಂದುಕೊಂಡೆ. ಅದರ ಬೆಲೆ ತಿಳಿಯಲು ನನಗೆ ಒಂಬತ್ತು ತಿಂಗಳು ಹಿಡಿಯಿತು.

ಅವರು ಮೊದಲು ನಾಡಿ ನೋಡಿದರು. ನಾಲಿಗೆ ನೋಡಿದರು. ಆಮೇಲೆ ಪ್ರಶ್ನೆಗಳು. ಕಾಲು ಮಾತ್ರ ತಣ್ಣಗೋ, ಸೊಂಟವೂ ತಣ್ಣಗೋ? ಬಿಸಿನೀರು ಇಷ್ಟವೋ, ತಣ್ಣೀರೋ? ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತೀರಿ? ಮುಖ ಊದುತ್ತದೆಯೇ? ಎದ್ದು ನಿಂತರೆ ತಲೆ ಸುತ್ತುತ್ತದೆಯೇ? ಮುಟ್ಟು ನಿಂತದ್ದು ಯಾವಾಗ? ಹೆರಿಗೆಗಳೆಷ್ಟು? ಹೋದದ್ದಿದೆಯೇ? ಬೆವರು ಹೇಗೆ, ನಿದ್ದೆ ಹೇಗೆ, ಸಿಟ್ಟು ಹೇಗೆ?

ನಡುವೆ ಕುಳಿತ ಮಗಳು ಅವರ ಮಾತನ್ನು ಕನ್ನಡಕ್ಕೂ ನನ್ನ ಮಾತನ್ನು ಜಪಾನಿಗೂ ತಿರುಗಿಸುತ್ತಿದ್ದಳು. ಅವಳು ಹುಟ್ಟುವ ಮೊದಲು ಒಂದು ಮಗು ನಾಲ್ಕು ತಿಂಗಳಿಗೆ ಹೋಗಿತ್ತು. ಅದನ್ನು ಅವಳಿಗೆ ಹೇಳುವ ಸಂದರ್ಭವೇ ಬಂದಿರಲಿಲ್ಲ. ಅಂದು ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ ಅವರ ಭಾಷೆಯಲ್ಲಿ ಹೇಳಿದಳು. ಮೂವತ್ತು ವರ್ಷ ಸಂಸಾರ ಮಾಡಿ, ಅಷ್ಟೇ ವರ್ಷ ಪಾಠ ಹೇಳಿ, ನನ್ನ ದೇಹದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರು ಕೇಳಿದ್ದು ಅದೇ ಮೊದಲು. ಅದೂ ನನ್ನ ಭಾಷೆ ಬಾರದವರು.

ಕೊನೆಗೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಇದು ಜಪಾನಿನವರು ವಿಶೇಷವಾಗಿ ಬೆಳೆಸಿದ ಕ್ರಮ. ಹದಿನೆಂಟನೆಯ ಶತಮಾನದ ಯೊಶಿಮಾಸು ತೋದೋ ಎಂಬ ವೈದ್ಯರು ನಾಡಿಗಿಂತ ಹೊಟ್ಟೆಯನ್ನೇ ಹೆಚ್ಚು ನಂಬುತ್ತಿದ್ದರಂತೆ. ಹೊಕ್ಕುಳಿನ ಮೇಲುಗಡೆ ಬೆರಳ ತುದಿಯಿಂದ ತಟ್ಟಿದಾಗ ಒಳಗೆ ಕೊಡದಲ್ಲಿ ನೀರು ಅಲುಗಿದ ಸದ್ದಾಯಿತು. ನನಗೆ ನಾಚಿಕೆ. ಅವರಿಗೆ ಬೇಕಾದ ಉತ್ತರ ಸಿಕ್ಕಿದ ಹಾಗೆ ತಲೆಯಾಡಿಸಿದರು. ಚೈತನ್ಯ, ರಕ್ತ, ನೀರು ಈ ಮೂರರ ಓಡಾಟದಲ್ಲಿ ಎಲ್ಲಿ ತಡೆಯಿದೆ ಎಂದು ಅವರು ನೋಡುವುದಂತೆ. ನಮ್ಮ ವಾತ, ಪಿತ್ತ, ಕಫಗಳೇ ಇವು ಎಂದು ಹೇಳಿಬಿಡುವ ಆಸೆಯಾಯಿತು. ಆದರೆ ಅಲ್ಲ, ಲೆಕ್ಕದಲ್ಲಿ ಮೂರು ಎಂಬುದಷ್ಟೇ ಸಮ. ಮುಖ್ಯವಾದದ್ದು ಬೇರೆ. ಅವರು ಔಷಧ ಕೊಡುವುದು ಕಾಯಿಲೆಯ ಹೆಸರಿಗಲ್ಲ, ಕಾಯಿಲೆಯಾದ ಮನುಷ್ಯನಿಗೆ. ಒಂದೇ ತಲೆನೋವಿಗೆ ಇಬ್ಬರು ಹೆಂಗಸರು ಹೋದರೆ ಇಬ್ಬರಿಗೂ ಬೇರೆ ಬೇರೆ ಪೊಟ್ಟಣ ಸಿಗಬಹುದು.

ಪೊಟ್ಟಣ ಎಂದೆನಲ್ಲ, ಕಷಾಯ ಕುದಿಸುವ ಕಾಲ ಅಲ್ಲಿ ಬಹುಮಟ್ಟಿಗೆ ಮುಗಿದಿದೆ. ಬೇರುಗಳನ್ನು ಕುದಿಸಿ, ಸಾರ ತೆಗೆದು, ಒಣಗಿಸಿ, ಹರಳು ಮಾಡಿ, ಉದ್ದನೆಯ ಪೊಟ್ಟಣಗಳಲ್ಲಿ ಕೊಡುತ್ತಾರೆ. ಮೇಲೆ ದೊಡ್ಡದಾಗಿ ಒಂದು ಸಂಖ್ಯೆ. ನನಗೆ ಬಂದವು ಇಪ್ಪತ್ಮೂರು ಮತ್ತು ಅರವತ್ತೆಂಟು. ಹಾಜರಿ ಕೂಗುವವಳಿಗೆ ಇದು ಬಹಳ ಹಿಡಿಸಿತು. ಈ ಹಾಜರಿಯಲ್ಲಿ 4, 42, 49 ಸಂಖ್ಯೆಗಳೇ ಇಲ್ಲ. ಜಪಾನಿ ಭಾಷೆಯಲ್ಲಿ ಅವುಗಳ ಉಚ್ಚಾರ ಸಾವನ್ನೋ ಸಂಕಟವನ್ನೋ ನೆನಪಿಸುತ್ತದಂತೆ. ಟಿ.ಸಿ. ತೆಗೆದುಕೊಂಡು ಹೋದ ಮಕ್ಕಳು ಎಂದುಕೊಂಡೆ.

ಇಪ್ಪತ್ಮೂರರಲ್ಲಿ ಐದು ಬಗೆಯ ಬೇರು-ಗೆಡ್ಡೆ, ಒಂದು ಬಗೆಯ ಅಣಬೆ. ಮೈ ತಣ್ಣಗಿರುವ, ಸೋತ ಹೆಂಗಸರಿಗೆ ಅಲ್ಲಿ ಹೆಚ್ಚಾಗಿ ಕೊಡುವ ಔಷಧ. ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು, ಬಿಸಿನೀರಿನಲ್ಲಿ. ಅರವತ್ತೆಂಟರಲ್ಲಿ ಎರಡೇ ಬೇರು. ಒಂದು ಪಿಯೋನಿ ಎಂಬ ಹೂಗಿಡದ್ದು. ಇನ್ನೊಂದು ಯಾವುದೆಂದು ಮಗಳು ಹೇಳುವ ಮೊದಲೇ ನನ್ನ ನಾಲಿಗೆ ಹೇಳಿತು: ಅತಿಮಧುರ! ನಾವು ಜ್ಯೇಷ್ಠಮಧು ಎನ್ನುತ್ತೇವಲ್ಲ, ಅದೇ. ಚಿಕ್ಕಂದಿನಲ್ಲಿ ಕೆಮ್ಮು ಬಂದಾಗ ಅಮ್ಮ ಸೆರಗಿನ ಗಂಟಿನಿಂದ ತೆಗೆದು ಕೊಡುತ್ತಿದ್ದ ಹಳದಿ ಕಡ್ಡಿ. ದವಡೆಯಲ್ಲಿಟ್ಟುಕೊಂಡು ಶಾಲೆಗೆ ಹೋದರೆ ಮಧ್ಯಾಹ್ನದವರೆಗೂ ಸಿಹಿ. ಅಷ್ಟು ದೂರದ ಊರಿನಲ್ಲಿ ಅಮ್ಮನೇ ಎದುರು ಬಂದು ನಿಂತಂತಾಯಿತು. ಆ ಗಳಿಗೆಯಿಂದ ಅರವತ್ತೆಂಟು ನನಗೆ ಔಷಧವಾಗಿ ಉಳಿಯಲಿಲ್ಲ, ನೆಂಟರಾಯಿತು.

ಡಾಕ್ಟರು ನನ್ನ ಬಿಪಿ ಮಾತ್ರೆಯ ಹಾಳೆಯನ್ನು ಇಸಿದುಕೊಂಡು, ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ ಎಂದು ಗುರುತಿಸಿ, ಒಂದು ಚೀಟಿಯಲ್ಲಿ ಕೆಂಪಕ್ಷರದಲ್ಲಿ ಏನೋ ಬರೆದರು. ಮಗಳು ಅದರ ಕೆಳಗೆ ಕನ್ನಡದಲ್ಲಿ ಬರೆದಳು: ‘68 – ಕಾಲು ಹಿಡಿದ ರಾತ್ರಿ ಮಾತ್ರ. ಒಂದೇ ಪೊಟ್ಟಣ.’

ಗುಣವಾಯಿತೇ ಎಂದರೆ, ಆಯಿತು. ಅರವತ್ತೆಂಟನ್ನು ಬಾಯಿಗೆ ಹಾಕಿಕೊಂಡು ಹತ್ತು ನಿಮಿಷದೊಳಗೆ ಕಾಲು ಸಡಿಲವಾಗುತ್ತಿತ್ತು. ಮೂರನೆಯ ವಾರದ ಹೊತ್ತಿಗೆ ಒಂದು ಜೊತೆ ಕಾಲುಚೀಲ ಸಾಕಾಯಿತು. ರಾತ್ರಿ ಏಳುವುದು ಮೂರು ಸಲದಿಂದ ಒಂದಕ್ಕೆ ಇಳಿಯಿತು. ಮೇ ಕೊನೆಗೆ ಎರಡು ತಿಂಗಳ ಪೊಟ್ಟಣಗಳೊಡನೆ ಊರಿಗೆ ಬಂದೆ.

ಊರಿಗೆ ಬಂದ ಮೇಲೆ ನಡೆದದ್ದಕ್ಕೆ ನಾನೇ ಹೊಣೆ. ಮಳೆಗಾಲದ ತೇವಕ್ಕೆ ಹಾಳಾದೀತೆಂದು ಪೊಟ್ಟಣಗಳನ್ನು ಡಬ್ಬಿಯಿಂದ ತೆಗೆದು ಹಾರ್ಲಿಕ್ಸ್ ಬಾಟಲಿಗೆ ತುಂಬಿದೆ. ಚೀಟಿ ಡಬ್ಬಿಯ ಜೊತೆ ಹೋಯಿತು. ಆಗಸ್ಟಿಗೆ ಇಪ್ಪತ್ಮೂರು ಮುಗಿಯಿತು. ಅದನ್ನು ಡಾಕ್ಟರು ಮತ್ತೆ ನೋಡಿಯೇ ಬರೆಯಲಿ ಎಂದುಕೊಂಡೆ. ಅರವತ್ತೆಂಟು ಅಲ್ಲಿನ ಔಷಧದ ಅಂಗಡಿಗಳಲ್ಲಿ ಚೀಟಿಯಿಲ್ಲದೆಯೂ ಸಿಗುತ್ತದೆ. ಮಗಳನ್ನು ಕಾಡಿ, ಊರಿಗೆ ಬರುವವರ ಕೈಯಲ್ಲಿ ತರಿಸಿಕೊಂಡೆ. ನವೆಂಬರಿನಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ವಿಶೇಷ ತರಗತಿ ಶುರುವಾಯಿತು. ಬೆಳಗ್ಗೆ ಎಂಟರಿಂದ ಸಂಜೆ ಐದೂವರೆಯವರೆಗೆ ನಿಂತೇ ಇರುವುದು. ಕಾಲು ಹಿಡಿಯುವ ಮೊದಲೇ ತಡೆಯೋಣವೆಂದು ದಿನಕ್ಕೊಂದು ತೆಗೆದುಕೊಂಡೆ. ಆಮೇಲೆ ಎರಡು. ಡಿಸೆಂಬರಿನಲ್ಲಿ ಮೂರು. ಬೇರು ತಾನೇ! ಅಮ್ಮ ಕೊಡುತ್ತಿದ್ದದ್ದು ತಾನೇ! ಸ್ಟಾಫ್ ರೂಮಿನಲ್ಲಿ ನಾನೇ ವೈದ್ಯೆಯೂ ಆದೆ. ಸಕ್ಕರೆ ಕಾಯಿಲೆಯೂ ಬಿಪಿಯೂ ಇರುವ ಸಹೋದ್ಯೋಗಿಯೊಬ್ಬರಿಗೆ ಹತ್ತು ಪೊಟ್ಟಣ ದಾನ ಮಾಡಿದೆ. ಅವರು ಅದನ್ನು ವ್ಯಾನಿಟಿ ಬ್ಯಾಗಿನಲ್ಲಿ ಮರೆತರು. ಅವರ ಆ ಮರೆವಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ.

ಜನವರಿಯಲ್ಲಿ ಪಾದ ಊದಿತು. ಸುಸ್ತು ಎಂದರೆ ಎಂಥ ಸುಸ್ತು! ಒಂದು ದಿನ ಕಪ್ಪು ಹಲಗೆಯ ಮೇಲೆ ‘ಮೀಜಿ’ ಎಂದು ಬರೆಯಲು ಹೋದವಳ ತೋಳು ಮೇಲೇಳಲಿಲ್ಲ. ಸೀಮೆಸುಣ್ಣ ಕೆಳಗೆ ಬಿತ್ತು. ಮುಂದಿನ ಬೆಂಚಿನ ಹುಡುಗಿ ಎತ್ತಿಕೊಟ್ಟಳು. ಅದನ್ನು ಹಿಡಿಯಲೂ ಬೆರಳಿಗೆ ಬಲವಿಲ್ಲ. ವಿಚಿತ್ರವೆಂದರೆ, ಇಷ್ಟು ಔಷಧ ತಿಂದರೂ ಕಾಲು ಹಿಡಿಯುವುದು ಮೊದಲಿಗಿಂತ ಹೆಚ್ಚಾಗಿತ್ತು. ಅದಕ್ಕೆಂದು ಇನ್ನೂ ಒಂದು ಪೊಟ್ಟಣ ತೆಗೆದುಕೊಳ್ಳುತ್ತಿದ್ದೆ.

ಯಜಮಾನರು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತದೊತ್ತಡ 180–100. ರಕ್ತದಲ್ಲಿ ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿಳಿಯಬಾರದಂತೆ, ನನ್ನದು 2.6. ಹೃದಯದ ಬಡಿತವೇ ತಪ್ಪಬಹುದಾದ ಮಟ್ಟವೆಂದು ತಕ್ಷಣ ಸೇರಿಸಿಕೊಂಡರು. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬರು ಬಂದು, ‘ಬಿಪಿ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಳ್ತೀರಾ ಮೇಡಂ?’ ಎಂದರು.

‘ಇಲ್ಲ’ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ನನಗೆ ಅದು ‘ಏನಾದರೂ’ ಆಗಿರಲೇ ಇಲ್ಲ.

ಅವರು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. ‘ಕೆಮ್ಮಿಗೆ, ಗಂಟಲಿಗೆ ಅಂತ ಅತಿಮಧುರ ಏನಾದ್ರೂ ಅಗೀತೀರಾ?’

ಎದೆ ಧಸಕ್ಕೆಂದಿತು. ಸಾವಿರಾರು ಮೈಲಿಯಾಚೆಯ ಗುಟ್ಟನ್ನು ಈ ಹುಡುಗಿ ಹೇಗೆ ಕಂಡುಹಿಡಿದಳು!

ಆಮೇಲೆ ಅವರೇ ಹಾಸಿಗೆಯ ಪಕ್ಕ ಕುಳಿತು ಬಿಡಿಸಿ ಹೇಳಿದರು. ಅತಿಮಧುರದ ಸಿಹಿಗೆ ಕಾರಣವಾದ ಅಂಶವೇ ಹೆಚ್ಚಾದರೆ, ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ. ಮೈ ಊದುತ್ತದೆ, ಒತ್ತಡ ಏರುತ್ತದೆ, ಸ್ನಾಯುಗಳು ಸೋಲುತ್ತವೆ, ಹಿಡಿದುಕೊಳ್ಳುತ್ತವೆ. ನನ್ನ ಬಿಪಿ ಮಾತ್ರೆಯೂ ಪೊಟ್ಯಾಸಿಯಂ ಕಳೆಯುವಂಥದ್ದೇ. ದಿನಕ್ಕೆ ಮೂರು ಪೊಟ್ಟಣವೆಂದರೆ ಆರು ಗ್ರಾಂ ಅತಿಮಧುರದಿಂದ ತೆಗೆದ ಸಾರ. ಕಾಲು ಹಿಡಿಯುತ್ತದೆಂದು ಔಷಧ, ಔಷಧದಿಂದಲೇ ಮತ್ತೆ ಕಾಲು ಹಿಡಿತ! ಹಗ್ಗದ ಎರಡೂ ತುದಿಯನ್ನು ನಾನೇ ಎಳೆಯುತ್ತಿದ್ದೆ.

ಪೊಟ್ಟಣ ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟು, ಮಾತ್ರೆ ಬದಲಾಯಿಸಿದರು. ತೋಳಿಗೆ ಮೊದಲಿನ ಬಲ ಬರಲು ಮೂರು ವಾರ ಬೇಕಾಯಿತು. ಫೋನಿನಲ್ಲಿ ಮಗಳು ಅತ್ತಳು. ‘ನಾನೇ ಕಳಿಸಿದ್ದಲ್ಲ ಅಮ್ಮ’ ಎಂದಳು. ‘ನೀನು ಚೀಟಿಯನ್ನೂ ಬರೆದಿದ್ದೆ ಪುಟ್ಟಿ’ ಎಂದೆ.

ಆಮೇಲೆ ಕೊರೊನಾ ಬಂತು, ಜಪಾನಿನ ಬಾಗಿಲು ಮುಚ್ಚಿತು. ಮತ್ತೆ ಹೋದದ್ದು 2023ರ ಮೇ ತಿಂಗಳಲ್ಲಿ. ಅದೇ ಡಾಕ್ಟರ ಮುಂದೆ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಕುಳಿತು ಎಲ್ಲ ಹೇಳಿದೆ. ಅವರು ಗದರಲಿಲ್ಲ. ತಮ್ಮ ದೇಶದ ಕಥೆಯನ್ನೇ ಹೇಳಿದರು. ಮೀಜಿ ಸರ್ಕಾರ ಪಾಶ್ಚಾತ್ಯ ವೈದ್ಯವನ್ನು ಒಪ್ಪಿಕೊಂಡು, 1883ರಲ್ಲಿ ಆ ವಿದ್ಯೆಯಲ್ಲಿ ಪಾಸಾದವರಿಗೇ ಪರವಾನಗಿ ಎಂಬ ನಿಯಮ ತಂದಿತು. ಹಳೆಯ ವೈದ್ಯರ ಪರವಾದ ಮಸೂದೆ 1895ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. ವಿದ್ಯೆ ಸಾಯಲಿಲ್ಲ, ಹೊಸ ವೈದ್ಯ ಕಲಿತ ಕೆಲವೇ ಡಾಕ್ಟರು ಅದನ್ನು ಕಾಪಾಡಿದರು. 1967ರಲ್ಲಿ ಕೆಲವು ಕಂಪೋ ಔಷಧಗಳು ಸರ್ಕಾರಿ ಆರೋಗ್ಯ ವಿಮೆಯೊಳಗೆ ಬಂದವು, 1976ರಲ್ಲಿ ಬಹಳಷ್ಟು ಸೇರಿದವು. ಈಗ 148 ಯೋಗಗಳು ವಿಮೆಯಲ್ಲಿವೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ನೂರನೆಯ ನಂಬರು, ಮರೆವಿನ ಕಾಯಿಲೆಯಲ್ಲಿ ಉದ್ರೇಕಗೊಳ್ಳುವ ವೃದ್ಧರಿಗೆ ಐವತ್ನಾಲ್ಕು, ಹೀಗೆ ದೊಡ್ಡ ಆಸ್ಪತ್ರೆಗಳಲ್ಲೂ ಕೊಡುತ್ತಾರೆ.

ಆದರೆ ಒಂಬತ್ತನೆಯ ನಂಬರಿನ ಕಥೆ ಬೇರೆ. ಅದನ್ನು ಬಹುಕಾಲದ ಯಕೃತ್ತಿನ ಕಾಯಿಲೆಯವರಿಗೆ ಅಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದರು. ಕೆಲವರಿಗೆ ಶ್ವಾಸಕೋಶಕ್ಕೇ ಪೆಟ್ಟಾಯಿತು. ಹತ್ತು ಜನ ತೀರಿಕೊಂಡರೆಂದು 1996ರಲ್ಲಿ ಸರ್ಕಾರ ತುರ್ತು ಎಚ್ಚರಿಕೆ ಹೊರಡಿಸಿತು. ‘ಆ ಜನರ ಹೊಟ್ಟೆಯನ್ನು ಮುಟ್ಟಿ ನೋಡದೆ, ಕಾಯಿಲೆಯ ಹೆಸರು ನೋಡಿ ಔಷಧ ಬರೆದವರು ನಮ್ಮಲ್ಲೂ ಇದ್ದರು’ ಎಂದರು ಅವರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ಪಾಠ ಮಾಡಲು ಹೇಳಿದರೋ ತಿಳಿಯಲಿಲ್ಲ. ಎರಡೂ ಇರಬೇಕು.

ಆ ವಾರವೇ ಮಗಳ ಜೊತೆ ನಾರಾ ಊರಿಗೆ ಹೋದೆ. ತಲೆ ಬಾಗಿಸಿ ಬಿಸ್ಕತ್ತು ಕೇಳುವ ಜಿಂಕೆಗಳನ್ನು ದಾಟಿ, ತೋದಾಯ್‌ಜಿ ಎಂಬ ದೊಡ್ಡ ಬುದ್ಧನ ಗುಡಿಯ ಹಿಂದೆ ಶೋಸೋಇನ್ ಎಂಬ ಹಳೆಯ ಉಗ್ರಾಣವಿದೆ. ಕಂಬಗಳ ಮೇಲೆತ್ತಿ ಕಟ್ಟಿದ ಮರದ ಮನೆ, ನಮ್ಮ ಕಡೆಯ ಪಣತದ ಹಾಗೆ. ಹೊರಗಿನಿಂದಷ್ಟೇ ನೋಡಬೇಕು. 756ರಲ್ಲಿ ಗಂಡನನ್ನು ಕಳೆದುಕೊಂಡ ಕೋಮ್ಯೋ ರಾಣಿ, ಅವನ ವಸ್ತುಗಳ ಜೊತೆಗೆ ಅರವತ್ತು ಬಗೆಯ ಔಷಧಗಳನ್ನೂ ಬುದ್ಧನಿಗೆ ಒಪ್ಪಿಸಿ, ಕಾಯಿಲೆಯವರಿಗೆ ಬೇಕಾದಾಗ ಕೊಡಿ ಎಂದು ಬರೆಸಿದಳಂತೆ. ಆ ಪಟ್ಟಿಯಲ್ಲಿ ಕರಿಮೆಣಸು, ಹಿಪ್ಪಲಿ, ಅಳಲೆಕಾಯಿಗಳಿವೆ. ನಮ್ಮ ಅಡುಗೆಮನೆಯ ಹೆಸರುಗಳನ್ನು ಅಲ್ಲಿ ಕೇಳಿ ಮೈ ಜುಮ್ಮೆಂದಿತು. ಅತಿಮಧುರವೂ ಇದೆ. ಯುದ್ಧ ಮುಗಿದ ಮೇಲೆ, 1948ರಲ್ಲಿ ವಿಜ್ಞಾನಿಗಳು ಅಲ್ಲಿ ಉಳಿದಿದ್ದ ಔಷಧಗಳ ಪರೀಕ್ಷೆ ಶುರುಮಾಡಿದರು. ಆ ಬೇರಿನಲ್ಲಿ ಸಿಹಿಯ ಅಂಶ ಇನ್ನೂ ಇತ್ತು. ಸುಮಾರು ಸಾವಿರದ ಇನ್ನೂರು ವರ್ಷ ಕಳೆದರೂ ಬಲಗುಂದದ ಬೇರನ್ನು ನಾನು ‘ಬೇರು ತಾನೇ’ ಎಂದಿದ್ದೆ.

ಈಗ ಇಪ್ಪತ್ಮೂರೂ ಇಲ್ಲ, ಅರವತ್ತೆಂಟೂ ಇಲ್ಲ. ಬಿಪಿ ಹತೋಟಿಯಲ್ಲಿದೆ. ಸಂಜೆ ಬಿಸಿನೀರಿನಲ್ಲಿ ಕಾಲಿಡುತ್ತೇನೆ, ಮಲಗುವ ಮೊದಲು ಮೀನಖಂಡ ಎಳೆದು ವ್ಯಾಯಾಮ ಮಾಡುತ್ತೇನೆ. ತಿಂಗಳಿಗೊಮ್ಮೆ ಕಾಲು ಹಿಡಿದರೆ ಯಜಮಾನರನ್ನು ಎಬ್ಬಿಸುತ್ತೇನೆ. ಅವರು ನಿದ್ದೆಗಣ್ಣಲ್ಲಿ ಅಂಗಾಲು ಒತ್ತುತ್ತಾರೆ. ನಾನು ಆ ಊರಿನಿಂದ ಪೊಟ್ಟಣ ತಂದಿದ್ದೆ, ಆ ಪ್ರಶ್ನೆಗಳನ್ನು ಅಲ್ಲೇ ಬಿಟ್ಟು ಬಂದಿದ್ದೆ. ಅಲ್ಲಿ ಎರಡೂ ವಿದ್ಯೆ ಒಬ್ಬರ ತಲೆಯಲ್ಲಿತ್ತು. ಇಲ್ಲಿ ಪಂಡಿತರದ್ದು ಡಾಕ್ಟರಿಗೆ ಹೇಳುವುದಿಲ್ಲ, ಡಾಕ್ಟರದ್ದು ಪಂಡಿತರಿಗೆ ಹೇಳುವುದಿಲ್ಲ. ನಡುವೆ ನಿಂತವಳು ನಾನೊಬ್ಬಳೇ, ನಾನೇ ಬಾಯಿ ಬಿಡಲಿಲ್ಲ. ಅದಕ್ಕೆ ಈಗ ನೂರು ಪುಟದ ಒಂದು ಗೆರೆ ನೋಟ್‌ಬುಕ್ ಇಟ್ಟಿದ್ದೇನೆ. ಮಾತ್ರೆ, ಕಷಾಯ, ಲೇಹ್ಯ, ಮಂಡಿಗೆ ಹಚ್ಚುವ ಎಣ್ಣೆ ಎಲ್ಲ ಅದರಲ್ಲಿ. ಯಾರ ಹತ್ತಿರ ಹೋದರೂ ಮೊದಲು ಅದನ್ನೇ ಮುಂದಿಡುತ್ತೇನೆ.

ಕಳೆದ ತಿಂಗಳು ನಮ್ಮತ್ತೆಯವರಿಗೂ ಒಂದು ಪಟ್ಟಿ ಮಾಡೋಣವೆಂದು ಕುಳಿತೆ. ಅವರಿಗೆ ಈಗ ಎಂಬತ್ನಾಲ್ಕು. ಬಿಪಿ ಮಾತ್ರೆ, ತ್ರಿಫಲಾ ಚೂರ್ಣ, ತಮ್ಮನ ಮಗ ತಂದುಕೊಟ್ಟ ಅರಿಷ್ಟ, ಟಿವಿ ನೋಡಿ ತರಿಸಿದ ಯಾವುದೋ ಪುಡಿ. ಪಟ್ಟಿ ಒಂದೂವರೆ ಪುಟ ದಾಟಿತು. ‘ಇಷ್ಟೆಲ್ಲ ಯಾತಕ್ಕೆ ಅತ್ತೆ?’ ಎಂದೆ.

‘ಒಂದೊಂದಕ್ಕೆ ಒಂದೊಂದು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀರೆಯ ನಿರಿಗೆ ಸರಿಸಿ ತಮ್ಮ ಕಾಲನ್ನು ಸವರಿಕೊಂಡರು. ‘ರಾತ್ರಿ ಇದು ಹಿಡಕೊಳ್ಳೋದಕ್ಕೆ ಮಾತ್ರ ಏನೂ ತಗೊಳ್ಳೋದಿಲ್ಲ ಮಾರಾಯ್ತಿ. ಮೂವತ್ತು ನಲವತ್ತು ವರ್ಷ ಆತು. ಯಾರು ಕೇಳ್ತಾರೆ ಅದನ್ನ?’

ನಾನು ಪೆನ್ನು ಕೆಳಗಿಟ್ಟು ಅವರ ಕಾಲನ್ನು ನನ್ನ ತೊಡೆಯ ಮೇಲೆ ತೆಗೆದುಕೊಂಡೆ. ಪಾದ ತಣ್ಣಗಿತ್ತು.

‘ಎರಡು ಪಾದವೂ ತಣ್ಣಗಿರ್ತದಾ ಅತ್ತೆ? ಸೊಂಟ?’ ಎಂದು ಮೊದಲಿನಿಂದ ಕೇಳತೊಡಗಿದೆ.